ಸಿಎಸ್ 2 ಬಂತು ಸರಿ, ಸಿಎಸ್‌ಗೋ ಎಲ್ಲಿ? ಶಿರಸಿ, ಕುಮಟಾ, ಕಾರವಾರದವ್ರೆಲ್ಲ ಇಲ್ಲಿ ಬನ್ನಿ

ದೇವಿಮನೆ_ತಿರುವು (ಶಿರಸಿ) · 30 ಸೆಪ್ಟೆಂಬರ್ 2023

ವಾಟ್ಸಾಪ್ ಗ್ರೂಪಿನಲ್ಲಿ ಎರಡು ದಿನದಿಂದ ಇದೇ ಜಗಳ. ಅಲ್ಲಿ ಬರೆದದ್ದು ಸಂಜೆಯೊಳಗೆ ಗುಡ್ ಮಾರ್ನಿಂಗ್ ಫೋಟೋಗಳ ಕೆಳಗೆ ಹೂತು ಹೋಗ್ತದೆ, ಅದಕ್ಕೇ ಇಲ್ಲಿ ಥ್ರೆಡ್ ಹಾಕ್ತಾ ಇದ್ದೇನೆ.

ಗೊತ್ತಿಲ್ಲದವರಿಗೆ: 27ನೇ ತಾರೀಖು ವಾಲ್ವ್ ಕಂಪನಿ ಕೌಂಟರ್ ಸ್ಟ್ರೈಕ್ 2, ಅಂದ್ರೆ ಸಿಎಸ್ 2, ಬಿಡುಗಡೆ ಮಾಡಿದೆ. ತಂಡ ಕಟ್ಕೊಂಡು ಆಡೋ ಬಂದೂಕಿನ ಪಿಸಿ ಆಟ ಇದು. ಇಲ್ಲಿ ತನಕ ನಾವು ಆಡ್ತಿದ್ದದ್ದು ಇದರ ಹಿಂದಿನ ಆವೃತ್ತಿ ಗ್ಲೋಬಲ್ ಆಫೆನ್ಸಿವ್, ಅಂದ್ರೆ ಸಿಎಸ್‌ಗೋ ಅಥವಾ ಬರೀ ಗೋ. ಆಟ ನಡೆಸೋ ಇಂಜಿನ್ನೇ ಬೇರೆ, ಸೋರ್ಸ್ 2 ಅಂತ. ಹೊಗೆ ಬಾಂಬಿನ ಹೊಗೆ ಹೊಸದು, ಬೆಳಕು ಹೊಸದು, ಪಂದ್ಯದ ಉದ್ದ ಕಡಿಮೆ. ಸ್ಕಿನ್ (ಬಂದೂಕಿನ ಬಣ್ಣದ ಅಲಂಕಾರ) ಎಲ್ಲ ಹಾಗೇ ಬಂದಿದೆ, ಕೆಲವು ಮೊದಲಿಗಿಂತ ಚೆಂದ ಕಾಣ್ತವೆ. ಅದಕ್ಕೆಲ್ಲ ನನ್ನ ಅಡ್ಡಿ ಇಲ್ಲ.

ತಕರಾರು ಬೇರೆ. 2012ರ ಆಗಸ್ಟ್‌ನಲ್ಲಿ ಗೋ ಬಂದಾಗ ಅದಕ್ಕೂ ಹಳೇ ಸಿಎಸ್ 1.6 ಎಲ್ಲಿಗೂ ಹೋಗ್ಲಿಲ್ಲ. ಸಿಎಸ್ ಸೋರ್ಸ್ ಅನ್ನೋ ಆವೃತ್ತಿ ಕೂಡ ಹೋಗ್ಲಿಲ್ಲ. ಇವತ್ತಿಗೂ ವಾಲ್ವ್‌ನ ಆನ್‌ಲೈನ್ ಆಟದ ಅಂಗಡಿ ಸ್ಟೀಮಿನಲ್ಲಿ ಎರಡೂ ಬೇರೆ ಬೇರೆ ಆಟವಾಗಿಯೇ ಸಿಗ್ತವೆ, ಬೇಕಾದವ್ರು ಆಡ್ತಾರೆ. ಈ ಸಲ ಮಾತ್ರ ಹಳೇ ಮನೆ ಕೆಡವಿ ಅದೇ ಪಂಚಾಂಗದ ಮೇಲೆ ಹೊಸದು ಎಬ್ಬಿಸಿದ್ದಾರೆ, ನಾವು ಒಳಗೆ ಮಲಗಿದ್ದಾಗಲೇ. ಅಪ್‌ಡೇಟ್ ಹಾಕಿದ್ರೆ ಗೋ ಹೋಯ್ತು. ಹಾಕದಿದ್ರೆ ಸರ್ವರ್ ಒಳಗೆ ಬಿಡೋದಿಲ್ಲ.

ಹೋಗ್ತಾ ಒಳಗಿನ ಆಟದ ಬಗೆಗಳಲ್ಲಿ ಏನೇನು ತಗೊಂಡು ಹೋಗಿದೆ ನೋಡಿ. ಆರ್ಮ್ಸ್ ರೇಸ್ ಇಲ್ಲ, ಡೆಮೊಲಿಶನ್ ಇಲ್ಲ, ಡೇಂಜರ್ ಝೋನ್ ಇಲ್ಲ, ಫ್ಲೈಯಿಂಗ್ ಸ್ಕೌಟ್ಸ್‌ಮನ್ ಇಲ್ಲ. ಅಕ್ಕನ ಮಕ್ಕಳು ಬಂದಾಗ ನಾವು ಆಡ್ತಿದ್ದದ್ದೇ ಆರ್ಮ್ಸ್ ರೇಸ್. ರ‍್ಯಾಂಕ್ ಬೇಡ, ಬೈಗುಳ ಬೇಡ, ಸುಮ್ನೆ ನಗೋ ಆಟ.

ನಿಮ್ಮ ಕಡೆ ಹೇಗಿದೆ ಬರೀರಿ. ಚೆನ್ನಾಗಿದೆ ಅಂತ ಒಂದೇ ಸಾಲು ಹಾಕಿ ಓಡಬೇಡಿ.

ಕಾಳಿ_ದಂಡೆ (ಕಾರವಾರ) · 30 ಸೆಪ್ಟೆಂಬರ್ 2023

ನೀವು ಮನೇಲಿ ಒಂದು ಪಿಸಿ ಇಟ್ಟವ್ರು. ನಂದು ಗೇಮಿಂಗ್ ಅಂಗಡಿ ಮಾರಾಯ್ರೆ, ನನ್ನ ತ್ರಾಸು ಕೇಳಿ.

ಗೋಗೆ 15 ಜಿಬಿ ಜಾಗ ಸಾಕು ಅಂತ ಸ್ಟೀಮ್ ಪುಟದಲ್ಲೇ ಬರೆದಿತ್ತು. ಇದಕ್ಕೆ 85. ನನ್ನ ಮಿಷಿನ್‌ಗಳಲ್ಲಿ ಇರೋದು 240ರ ಎಸ್‌ಎಸ್‌ಡಿ. ಅದರಲ್ಲಿ ವಿಂಡೋಸ್, ವ್ಯಾಲರೆಂಟ್, ಜಿಟಿಎ ಕೂತಾಗಿದೆ. ಜಿಟಿಎ ತೆಗೆದ್ರೆ ಹೈಸ್ಕೂಲ್ ಹುಡುಗ್ರು ಬರೋದು ನಿಲ್ಲಿಸ್ತಾರೆ. ಸಿಎಸ್ ತೆಗೆದ್ರೆ ಪಾಲಿಟೆಕ್ನಿಕ್ ಹುಡುಗ್ರು ನಿಲ್ಲಿಸ್ತಾರೆ.

ಮೇಲಿಂದ ಗ್ರಾಫಿಕ್ಸ್ ಕಾರ್ಡು. ಗೋ ಡೈರೆಕ್ಟ್‌ಎಕ್ಸ್ 9ರಲ್ಲಿ ಓಡ್ತಿತ್ತು, ಎಂಥಾ ಡಬ್ಬಾದಲ್ಲೂ ಓಡ್ತಿತ್ತು. ಈಗ 9 ಬಂದ್, 32 ಬಿಟ್ ಬಂದ್, ಮ್ಯಾಕ್ ಬಂದ್. ಕಿಟಕಿ ಹತ್ರದ ಎರಡು ಮಿಷಿನ್ ಬರೀ ಸಿಎಸ್ ನಂಬಿ ಇಟ್ಟದ್ದು. ಹೊಗೆ ಬಾಂಬ್ ಒಡೆದ ಕೂಡ್ಲೆ ಅವು ಸ್ಲೈಡ್ ಶೋ ಆಗ್ತವೆ. ತಾಸಿಗೆ ಇಷ್ಟು ಅಂತ ಕೊಟ್ಟು ಕೂತ ಹುಡುಗ, 'ಅಣ್ಣಾ ಇದು ಹಿಂಗ್ಯಾಕೆ' ಅಂತ ಕೇಳ್ತಾನೆ. ಸೋರ್ಸ್ 2 ಅಂತ ಹೇಳಿದ್ರೆ ದುಡ್ಡು ವಾಪಸ್ ಕೇಳದೆ ಬಿಡ್ತಾನಾ?

ಶರಾವತಿ_ಸಿಗಡಿ (ಹೊನ್ನಾವರ, ಸದ್ಯ ಬೆಂಗಳೂರು) · 30 ಸೆಪ್ಟೆಂಬರ್ 2023

@ಕಾಳಿ_ದಂಡೆ ಒಂದೊಂದರಲ್ಲೂ ಬೇರೆ ಬೇರೆ ಡೌನ್‌ಲೋಡ್ ಮಾಡಬೇಡಿ. ಸ್ಟೀಮಿನಲ್ಲೇ ಲೋಕಲ್ ನೆಟ್‌ವರ್ಕ್ ಮೂಲಕ ಒಂದು ಪಿಸಿಯಿಂದ ಇನ್ನೊಂದಕ್ಕೆ ಆಟ ಸಾಗಿಸೋ ಸೌಲಭ್ಯ ಈ ವರ್ಷ ಬಂದಿದೆ. ಒಂದರಲ್ಲಿ ಇಳಿಸಿ, ಉಳಿದವು ಕೇಬಲ್‌ನಲ್ಲೇ ಎಳ್ಕೊಳ್ತವೆ.

ಈಗ ಪ್ರವಾಹದ ಎದುರು ಈಜ್ತೇನೆ. ನಂಗೆ ಹೊಸದು ಇಷ್ಟ ಆಗಿದೆ.

ಹೊಗೆ ಒಂದೇ ಸಾಕು. ಗೋದಲ್ಲಿ ಹೊಗೆ ಅಂದ್ರೆ ಪರದೆ ಮೇಲೆ ಅಂಟಿಸಿದ ಚಿತ್ರ. ಒಬ್ಬನಿಗೆ ಕಾಲು ಕಾಣ್ತಿತ್ತು, ಎದುರಿನವನಿಗೆ ಏನೂ ಕಾಣ್ತಿರ್ಲಿಲ್ಲ. ಈಗ ಎಲ್ಲರಿಗೂ ಒಂದೇ ಹೊಗೆ. ಮಿರಾಜ್ ಮ್ಯಾಪಿನ ನಡುವಿನ (ಮಿಡ್) ಕಿಟಕಿಗೆ ಎಸೆದು ನೋಡಿ: ಕಿಟಕಿ ಚೌಕಟ್ಟು ತುಂಬಿ, ಆಚೆ ಕೋಣೆಗೂ ಹರಡಿ, ಗೋಡೆಗೆ ತಾಗಿ ನಿಲ್ತದೆ. ಅದಕ್ಕೆ ಒಂದು ಗ್ರೆನೇಡ್ ಎಸೀರಿ. ನಡುವೆ ತೂತು ಬೀಳ್ತದೆ, ಆ ಒಂದೆರಡು ಕ್ಷಣದಲ್ಲಿ ಒಳಗೆ ನಿಂತವನ ಮುಖ ಕಾಣ್ತದೆ, ಮತ್ತೆ ಮುಚ್ಕೊಳ್ತದೆ. ಗುಂಡು ಹಾರಿಸಿದ್ರೆ ಗುಂಡಿನ ದಾರಿಯಲ್ಲಿ ಹೊಗೆ ಸೀಳ್ತದೆ. ಹತ್ತು ವರ್ಷ ಹೊಗೆ ಅಂದ್ರೆ ಗೋಡೆ ಅಂತ ಆಡಿದವರಿಗೆ ಇದು ಹೊಸ ಪಾಠ.

ಕೊಂಡ ಬಂದೂಕು ವಾಪಸ್ ಮಾಡಬಹುದು. ಎರಡೂ ಬಗೆಯ ಎಂ4 ಬಂದೂಕು ಒಟ್ಟಿಗೆ ಇಟ್ಕೋಬಹುದು. 13 ರೌಂಡ್ ಗೆದ್ರೆ ಪಂದ್ಯ ಮುಗೀತದೆ, ಮರುದಿನ ಆಫೀಸಿಗೆ ಕಣ್ಣು ಬಿಟ್ಕೊಂಡು ಹೋಗ್ಬಹುದು. ಇದಕ್ಕಿಂತ ಎಂತ ಬೇಕು?

ದೇವಿಮನೆ_ತಿರುವು (ಶಿರಸಿ) · 1 ಅಕ್ಟೋಬರ್ 2023

@ಶರಾವತಿ_ಸಿಗಡಿ ಅದೇ 13ರಲ್ಲೇ ನನ್ನ ಜಗಳ ಇರೋದು ಭಾವ.

ಮೊದ್ಲು 30 ರೌಂಡ್, 16 ಗೆಲ್ಬೇಕಿತ್ತು. ಈಗ 24, 13 ಗೆಲ್ಬೇಕು. ಆರು ರೌಂಡ್ ಹೋದ್ರೆ ಹೋಯ್ತು ಅಂತ ನೀ ಹೇಳ್ತೆ. ಆದ್ರೆ ಪಿಸ್ತೂಲ್ ರೌಂಡ್ (ಪ್ರತಿ ಅರ್ಧದ ಮೊದಲ ರೌಂಡ್) ಎರಡು ಇದ್ದದ್ದು ಎರಡೇ ಉಳೀತು. ಆಟದ ದುಡ್ಡಿನಲ್ಲಿ ಎಕೆ ಬಂದೂಕಿಗೆ 2700, ಹೆಲ್ಮೆಟ್ ಸಮೇತ ಕವಚಕ್ಕೆ 1000. ಇದ್ಯಾವುದೂ ಕಡಿಮೆ ಆಗಿಲ್ಲ. ಪಿಸ್ತೂಲ್ ಸೋತ್ರೆ ಎರಡನೇ ರೌಂಡ್ ಕೂಡ ಎದುರಿನವನದ್ದೇ. ಕೈಯಲ್ಲಿ ಸರಿಯಾದ ಬಂದೂಕು ಬರೋ ಹೊತ್ತಿಗೆ ಸ್ಕೋರು 0–2, 0–3 ಆಗಿರ್ತದೆ. 15 ರೌಂಡಿನ ಅರ್ಧದಲ್ಲಿ ಅದನ್ನ ತುಂಬಿಸ್ಕೊಳ್ಳೋಕೆ ಜಾಗ ಇತ್ತು. 12ರ ಅರ್ಧದಲ್ಲಿ ಇಲ್ಲ.

ನಮ್ಮ ತಂಡ ಏನಂತ ನಿಂಗೆ ಗೊತ್ತಿದ್ದು. ಮೊದಲರ್ಧ ನಿದ್ದೆ, ಎರಡನೇ ಅರ್ಧ ರೋಷ. ಆ ರೋಷಕ್ಕೆ ಈಗ ಟೈಮೇ ಇಲ್ಲೆ.

ಶರಾವತಿ_ಸಿಗಡಿ (ಹೊನ್ನಾವರ, ಸದ್ಯ ಬೆಂಗಳೂರು) · 1 ಅಕ್ಟೋಬರ್ 2023

ಹಾಗಾದ್ರೆ ಮೊದಲರ್ಧದಲ್ಲಿ ಏಳಿ.

ಐದಿಂಚಿನ_ಶೂರ (ಅಂಕೋಲಾ) · 1 ಅಕ್ಟೋಬರ್ 2023

ಪಿಸಿಯವ್ರ ಗೋಳು ಓದಿ ನಗು ಬರ್ತದೆ. ನಮ್ದು 2020ರ ಸೆಪ್ಟೆಂಬರ್‌ನಲ್ಲಿ ಪಬ್ಜಿನೇ ಬ್ಯಾನ್ ಆಯ್ತು. ಮರುವರ್ಷ ಬಿಜಿಎಂಐ ಅಂತ ಹೆಸರು ಬದಲಿಸ್ಕೊಂಡು ಬಂತು, ಅಳಿಯ ಅಲ್ಲ ಮಗಳ ಗಂಡ. 2022ರ ಜುಲೈಗೆ ಅದೂ ಹೋಯ್ತು. ಈ ಮೇ ತಿಂಗ್ಳಲ್ಲಿ ಮತ್ತೆ ಬಂತು. ಆಟ ಇರ್ತದೋ ಇಲ್ವೋ ಅನ್ನೋದೇ ನಮ್ಗೆ ಸಸ್ಪೆನ್ಸ್. ನಿಮ್ಗೆ ಹೊಗೆ ಚಿಂತೆ.

ನಿರ್ವಾಹಕ · 1 ಅಕ್ಟೋಬರ್ 2023

ಮೊಬೈಲ್ ಮೇಲೋ ಪಿಸಿ ಮೇಲೋ ಅನ್ನೋ ಜಗಳಕ್ಕೆ ಬೇರೆ ಥ್ರೆಡ್ ಇದೆ, ಅದು ಈಗಾಗ್ಲೇ ಉದ್ದ ಇದೆ. ಇಲ್ಲಿ ಶುರು ಮಾಡ್ಬೇಡಿ.

ಎಡಚಿ (ಕುಮಟಾ) · 2 ಅಕ್ಟೋಬರ್ 2023

ನನ್ನ ವಿಷಯ ಯಾರೂ ಎತ್ತಿಲ್ಲ. ಎಡಗೈ ತೆಗೆದು ಹಾಕಿದ್ದಾರೆ.

ಗೋದಲ್ಲಿ ಒಂದು ಕಮಾಂಡ್ ಹೊಡೆದ್ರೆ ಬಂದೂಕು ಪರದೆಯ ಎಡಕ್ಕೆ ಬರ್ತಿತ್ತು. ಇದು 1.6ರ ಕಾಲದಿಂದ ಇದ್ದ ಸೌಲಭ್ಯ. ಹೊಸದರಲ್ಲಿ ಇಲ್ಲ. ಸೆಟ್ಟಿಂಗ್ ಎಲ್ಲ ಜಾಲಾಡಿದೆ, ಇಲ್ಲ.

ನಾನು ಬರೆಯೋದು ಎಡಗೈ, ಕತ್ತಿ ಹಿಡಿಯೋದು ಎಡಗೈ. ಊಟ ಮಾತ್ರ ಅಜ್ಜಿ ಬೈದು ಬೈದು ಬಲಗೈಗೆ ತಂದ್ರು. ಮೌಸ್ ಕೂಡ ಬಲಗೈಯೇ, ಕಾಲೇಜು ಲ್ಯಾಬಿನಲ್ಲಿ ಹಾಗೇ ಅಭ್ಯಾಸ ಆಗಿದ್ದು. ಆದ್ರೆ ಪರದೆ ಮೇಲೆ ಬಂದೂಕು ಎಡಕ್ಕಿದ್ರೇ ನಂಗೆ ಗುರಿ ಕೂರೋದು. ಬಲಕ್ಕೆ ಬಂದ್ರೆ ಯಾರದೋ ಕೈ ನನ್ನ ಕಣ್ಣೆದುರು ಅಡ್ಡ ಬಂದ ಹಾಗೆ ಅನ್ನಿಸ್ತದೆ. ಬಲಗೈಯವರಿಗೂ ಇದು ಬೇಕಾಗ್ತದೆ, ಯಾಕಂದ್ರೆ ಬಂದೂಕು ಬಲಕ್ಕಿದ್ರೆ ಬಲಮೂಲೆಯಿಂದ ಬರೋನ ಸೊಂಟದ ಕೆಳಗೆ ಎಲ್ಲ ಮುಚ್ಚಿ ಹೋಗ್ತದೆ.

'ಅಭ್ಯಾಸ ಮಾಡ್ಕೊ' ಅಂತ ಗ್ರೂಪಿನಲ್ಲಿ ಇಬ್ಬರು ಹೇಳಿದ್ರು. ನೀವೊಂದು ವಾರ ಮೌಸ್ ಎಡಗೈಲಿ ಹಿಡಿದು ಆಡಿ, ಆಮೇಲೆ ಮಾತಾಡುವ.

ಹಳೇ_ಪೆಟ್ಟಿಗೆ (ಯಲ್ಲಾಪುರ) · 2 ಅಕ್ಟೋಬರ್ 2023

ನಂದು ನಾಲ್ಕು ಜಿಬಿ ರ‍್ಯಾಮ್. ಅವ್ರು ಕೇಳೋದು ಎಂಟು. ಮೆನುವೇ ತೆರೆಯೋಕೆ ಹರಸಾಹಸ. ಅಡಿಕೆ ಕೊನೆ ಕೊಯ್ಲು ಆದ್ಮೇಲೆ ನೋಡುವ ಅಂತ ಅಪ್ಪ ಹೇಳಿದ್ದಾರೆ. ಅದೂ ಅಡಿಕೆ ರೇಟು ನಿಂತ್ರೆ.

ಬಂಡಿಹಬ್ಬ_ಬಾಯ್ (ಅಂಕೋಲಾ) · 3 ಅಕ್ಟೋಬರ್ 2023

ಗೋಡೆ ಹಿಂದೆ ಹೋದ್ಮೇಲೂ ಸಾಯೋದು ನಂಗೆ ಮಾತ್ರನಾ? ಡಸ್ಟ್ 2 ಮ್ಯಾಪಿನಲ್ಲಿ ಬಾಗ್ಲು ದಾಟಿ, ಮೂಲೆ ತಿರುಗಿ, ಉಸಿರು ಬಿಟ್ಟು, ಆಮೇಲೆ ಸತ್ತೆ. ಪಿಂಗ್ (ಸರ್ವರ್‌ಗೆ ಹೋಗಿ ಬರೋ ಸಮಯ) ನೋಡಿದ್ರೆ ಏನೂ ಜಾಸ್ತಿ ಇಲ್ಲ.

ಹೊಸ ಆಟದಲ್ಲಿ ಈ ಸಬ್‌ಟಿಕ್ ಅಂದ್ರೆ ಎಂತದು? ದೊಡ್ಡ ಭಾಷಣ ಬೇಡ, ಅರ್ಥ ಆಗೋ ಹಾಗೆ ಹೇಳಿ.

ಶರಾವತಿ_ಸಿಗಡಿ (ಹೊನ್ನಾವರ, ಸದ್ಯ ಬೆಂಗಳೂರು) · 3 ಅಕ್ಟೋಬರ್ 2023

ಸರ್ವರ್ ಜಗತ್ತನ್ನ ನಿರಂತರ ನೋಡೋದಿಲ್ಲ. ಸೆಕೆಂಡಿಗೆ 64 ಸಲ ಕಣ್ಣು ಬಿಡ್ತದೆ. ಅದೇ ಟಿಕ್. ಗೋದಲ್ಲಿ ಎರಡು ಟಿಕ್ ನಡುವೆ ನೀನು ಗುಂಡು ಹೊಡೆದ್ರೆ ಅದು ಮುಂದಿನ ಟಿಕ್‌ನಲ್ಲಿ ಹೊಡೆದ ಲೆಕ್ಕ. ಅದಕ್ಕೇ ಖಾಸಗಿ ಸರ್ವರ್‌ಗಳು 128 ಟಿಕ್ ಇಡ್ತಿದ್ದವು. ಹೊಸದರಲ್ಲಿ ಸರ್ವರ್ 64ರಲ್ಲೇ ಇದೆ, ಆದ್ರೆ ನೀನು ಒತ್ತಿದ ಗಳಿಗೆಯನ್ನೂ ಜೊತೆಗೆ ಬರೆದು ಕಳಿಸ್ತದೆ. ಟಿಕ್ ನಡುವೆ ಹೊಡೆದದ್ದೂ ಆ ಗಳಿಗೆಯದ್ದೇ ಅಂತ ಲೆಕ್ಕಕ್ಕೆ ಬರ್ತದೆ.

ಗೋಡೆ ಹಿಂದೆ ಸಾಯೋದಕ್ಕೆ ಸಬ್‌ಟಿಕ್ ಒಂದನ್ನೇ ದೂರೋದು ಸರಿ ಅಲ್ಲ. ಎದುರಿನವನ ಪರದೆಯಲ್ಲಿ ನೀನಿನ್ನೂ ಮೂಲೆ ತಿರುಗಿರಲಿಲ್ಲ. ಅವನು ಹೊಡೆದದ್ದು ಆ ನಿನ್ನನ್ನ. ಸರ್ವರ್ ಅವನ ಮಾತು ಒಪ್ತದೆ. ಗೋದಲ್ಲೂ ಇದು ಇತ್ತು.

ಕಾಳಿ_ದಂಡೆ (ಕಾರವಾರ) · 3 ಅಕ್ಟೋಬರ್ 2023

ಪಿಂಗ್ ಸಂಖ್ಯೆ ಒಂದೇ ನೋಡಿ ಎಂತಾ ಗೊತ್ತಾಗ್ತದೆ ಮಾರಾಯ? ನಮ್ಮ ಕಡೆ ಪಿಂಗ್ ಕಡಿಮೆನೇ ತೋರಿಸ್ತದೆ, ನಡುನಡುವೆ ಪ್ಯಾಕೆಟ್ ಬಿದ್ದು ಹೋಗ್ತವೆ. ಮುಂಬಯಿ ಸರ್ವರ್ ಸಿಗ್ತದೆ, ಚೆನ್ನೈದೂ ಸಿಗ್ತದೆ. ಆದ್ರೆ ಕಾರವಾರದಿಂದ ಮುಂಬಯಿಗೆ ಹೋಗೋ ಪ್ಯಾಕೆಟ್ ಬೆಂಗಳೂರು ನೋಡ್ಕೊಂಡು ಹೋಗ್ತದೆ, ನಾನು ಟ್ರೇಸ್ ಹಾಕಿ ನೋಡಿದ್ದೇನೆ. ಹೆದ್ದಾರಿ ಕೆಲಸದಲ್ಲಿ ಜೆಸಿಬಿ ಫೈಬರ್ ಎಳೆದ ದಿನವಂತೂ ಕೇಳ್ಬೇಡಿ. ಗೋದಲ್ಲಿ ಇಂಥ ಲೈನಲ್ಲೂ ಹೇಗೋ ದಿನ ಹೋಗ್ತಿತ್ತು. ಇದರಲ್ಲಿ ಒಂದು ಪ್ಯಾಕೆಟ್ ತಪ್ಪಿದ್ರೂ ಕಾಲು ಜಾರಿದ ಹಾಗೆ ಕಾಣ್ತದೆ. ಬೆಂಗಳೂರಲ್ಲಿ ಕೂತು ಲೈನ್ ಬಗ್ಗೆ ಪಾಠ ಮಾಡೋದು ಸುಲಭ.

ಶರಾವತಿ_ಸಿಗಡಿ (ಹೊನ್ನಾವರ, ಸದ್ಯ ಬೆಂಗಳೂರು) · 3 ಅಕ್ಟೋಬರ್ 2023

ಅದು ಒಪ್ಪುವ ಮಾತು. ಚೌತಿಗೆ ಊರಿಗೆ ಬಂದಾಗ ನಾನೂ ಅನುಭವಿಸಿದೆ.

ಗುಡಿಗಾರ್_ಗಲ್ಲಿ (ಶಿರಸಿ) · 5 ಅಕ್ಟೋಬರ್ 2023

ನಾನು ಸಿಎಸ್ ಅಷ್ಟು ಆಡೋನಲ್ಲ, ಆದ್ರೆ ಇಂಥ ಹಣೆಬರಹ ಬೇರೆ ಆಟಗಳಲ್ಲಿ ನೋಡಿದ್ದೇನೆ.

2012ರ ನವೆಂಬರ್‌ನಲ್ಲಿ ರೂನ್‌ಸ್ಕೇಪ್ ಅನ್ನೋ ಆನ್‌ಲೈನ್ ಆಟ ತನ್ನ ಹೊಡೆದಾಟದ ಪದ್ಧತಿಯನ್ನೇ ಬದಲಿಸ್ತು. ಹಳಬರು ಗುಂಪು ಗುಂಪಾಗಿ ಎದ್ದು ಹೋದ್ರು. ಕಂಪನಿ ಹತ್ರ 2007ರ ಆಟದ ಒಂದು ಬ್ಯಾಕಪ್ ಇತ್ತು. ಬೇಕಾ ಅಂತ ಆಟಗಾರರ ಹತ್ರ ಮತ ಹಾಕಿಸಿ, 2013ರ ಫೆಬ್ರವರಿಯಲ್ಲಿ ಅದನ್ನೇ ಬೇರೆ ಆಟವಾಗಿ ಬಿಟ್ರು. ಇವತ್ತು ಹಳೇದೇ ಹೊಸದಕ್ಕಿಂತ ಜಾಸ್ತಿ ಓಡ್ತಿದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕೂಡ 2019ರಲ್ಲಿ ಕ್ಲಾಸಿಕ್ ಅಂತ ಹಳೇದನ್ನ ವಾಪಸ್ ತಂತು. ಇದರ ಉಲ್ಟಾ ಕಥೆ ಓವರ್‌ವಾಚ್. ಕಳೆದ ವರ್ಷ ಅಕ್ಟೋಬರ್‌ನಲ್ಲಿ ಎರಡನೇದು ಬಂತು, ಆರಾರು ಜನರ ತಂಡ ಐದೈದಾಯ್ತು, ಮೊದಲನೇದರ ಸರ್ವರ್ ಮುಚ್ಚಿದ್ರು. ದುಡ್ಡು ಕೊಟ್ಟು ಕೊಂಡವ್ರ ಕೈಗೆ ಪುಕ್ಕಟೆ ಆಟ ಬಂತು, ಕೊಂಡದ್ದು ಹೋಯ್ತು.

ವಾಲ್ವ್ ಓವರ್‌ವಾಚ್‌ನ ದಾರಿ ಹಿಡಿದಿದೆ. ನನ್ನ ಅಭಿಪ್ರಾಯ: ಬದಲಾವಣೆ ಒಳ್ಳೇದೋ ಕೆಟ್ಟದ್ದೋ ಅನ್ನೋದು ಆಮೇಲಿನ ಮಾತು. ಹಳೇದು ಕಪಾಟಿನಲ್ಲಿ ಇರಬೇಕು, ಅಷ್ಟೇ.

ದೇವಿಮನೆ_ತಿರುವು (ಶಿರಸಿ) · 5 ಅಕ್ಟೋಬರ್ 2023

ನಾನು ಅಷ್ಟುದ್ದ ಬರೆದದ್ದನ್ನ ನೀ ಒಂದು ಸಾಲಲ್ಲಿ ಹೇಳಿಬಿಟ್ಟೆ. ಗುಡಿಗಾರ ಗಲ್ಲಿಯವ್ರಿಗೆ ಕೆತ್ತೋದು ಬಿಟ್ರೆ ಕೆಲಸ ಇಲ್ಲೆ.

ಎಡಚಿ (ಕುಮಟಾ) · 11 ಫೆಬ್ರವರಿ 2024

ಥ್ರೆಡ್ ಎಬ್ಬಿಸ್ತಾ ಇದ್ದೇನೆ. ಆರ್ಮ್ಸ್ ರೇಸ್ ವಾಪಸ್ ಬಂದಿದೆ. @ದೇವಿಮನೆ_ತಿರುವು ಅಕ್ಕನ ಮಕ್ಕಳನ್ನ ಕರೀರಿ. ಎಡಗೈ ಇನ್ನೂ ಬಂದಿಲ್ಲ.

ದೇವಿಮನೆ_ತಿರುವು (ಶಿರಸಿ) · 1 ಏಪ್ರಿಲ್ 2024

ನಿನ್ನೆ ಕೋಪನ್‌ಹೇಗನ್ ಮೇಜರ್ (ಸಿಎಸ್‌ನ ದೊಡ್ಡ ಪಂದ್ಯಾವಳಿ) ಫೈನಲ್ ಯಾರ‍್ಯಾರು ನೋಡಿದ್ರಿ? ಹೊಸ ಆಟದ ಮೊದಲ ಮೇಜರ್. ನಾವಿ 2–1ರಿಂದ ಫೇಝ್ ತಂಡವನ್ನ ಹೊಡೀತು.

ಈ ಸಲ ನಮ್ಮ ಮಾರಿಕಾಂಬಾ ಜಾತ್ರೆಯೂ ಮೇಜರೂ ಒಟ್ಟಿಗೇ ಬಿತ್ತು. ಬಿಡ್ಕಿಬೈಲಲ್ಲಿ ಅಮ್ಮ ಗದ್ದುಗೆ ಮೇಲೆ, ಮನೆ ತುಂಬಾ ನೆಂಟ್ರು, ನಾನು ಮೊಬೈಲ್ ಹಿಡ್ಕೊಂಡು ಮಿಠಾಯಿ ಅಂಗಡಿ ಸಾಲಿನ ಹಿಂದೆ. ಸಿಗ್ನಲ್ ಬಂದಾಗ ಎರಡು ರೌಂಡ್, ಹೋದಾಗ ಕಬ್ಬಿನ ಹಾಲು. ಒಂದು ಮಾತು ಖರೇ ಹೇಳ್ತೇನೆ, ನೋಡೋದಕ್ಕೆ 12ರ ಅರ್ಧ ಚಲೋ ಇದೆ. ಆಡೋದಕ್ಕೆ ಅಲ್ಲ, ನೋಡೋದಕ್ಕೆ. ಎಲ್ಲ ರೌಂಡೂ ಬಿಗಿಯಾಗಿರ್ತದೆ, ನಡುವೆ ಎದ್ದು ಚಾ ಕುಡಿಯೋಕೆ ಆಗೋದಿಲ್ಲ.

ಶರಾವತಿ_ಸಿಗಡಿ (ಹೊನ್ನಾವರ, ಸದ್ಯ ಬೆಂಗಳೂರು) · 1 ಏಪ್ರಿಲ್ 2024

ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ. ತಾರೀಖು ಏಪ್ರಿಲ್ ಒಂದು ಅಂತ ಆಮೇಲೆ ನೆಪ ಹೇಳ್ಬೇಡ.

ಎಡಚಿ (ಕುಮಟಾ) · 27 ಏಪ್ರಿಲ್ 2024

ಬಂತು!! ಎಡಗೈ ಬಂತು. ಈಗ ಕಮಾಂಡೂ ಬೇಡ, ಆಟದ ನಡುವೆಯೇ ಎಚ್ ಒತ್ತಿದ್ರೆ ಬಂದೂಕು ಕೈ ಬದಲಿಸ್ತದೆ. ಗೋದಲ್ಲಿ ಇದ್ದದ್ದಕ್ಕಿಂತ ಚೆನ್ನಾಗಿ ಮಾಡಿದ್ದಾರೆ, ಹೊಗಳ್ಲೇಬೇಕು. 'ಅಭ್ಯಾಸ ಮಾಡ್ಕೊ' ಅಂದ ಇಬ್ಬರೂ ಈಗ ಮೂಲೆ ಮೂಲೆಗೆ ಎಚ್ ಒತ್ತುತ್ತಾ ಇದ್ದಾರೆ. ಹೆಸರು ಹೇಳೋದಿಲ್ಲ. ಒಬ್ಬ ಶಿರಸಿಯವ.

ಆದ್ರೂ ಕೇಳ್ತೇನೆ, ಇದನ್ನ ಮುಗಿಸಿ ಆಮೇಲೆ ಹಳೇದನ್ನ ತೆಗೀಬಹುದಿತ್ತಲ್ಲ? ಏಳು ತಿಂಗಳು ಬಲಗೈ ನೋಡ್ಕೊಂಡು ಆಡಿದ್ದೇನೆ.

ಬಂಡಿಹಬ್ಬ_ಬಾಯ್ (ಅಂಕೋಲಾ) · 15 ನವೆಂಬರ್ 2024

ಟ್ರೇನ್ ಮ್ಯಾಪ್ ವಾಪಸ್. ಮಳೆ ಬೇರೆ ಸುರಿಸಿದ್ದಾರೆ. ನಮ್ಗೆ ಜೂನ್‌ನಿಂದ ಸಾಕಾಗಿಲ್ಲ ಅಂತ ಆಟದಲ್ಲೂ ಮಳೆ.

ಹಳೇ_ಪೆಟ್ಟಿಗೆ (ಯಲ್ಲಾಪುರ) · 19 ಜುಲೈ 2025

ಈ ಥ್ರೆಡ್ ಇನ್ನೂ ಜೀವಂತ ಇದೆಯಾ? ಪಿಸಿ ಅದೇ. ರೇಟು ನಿಲ್ಲಲಿಲ್ಲ.

ಆದ್ರೆ ಗೋ ಆಡ್ತಾ ಇದ್ದೇನೆ.

ಸ್ಟೀಮ್ ಲೈಬ್ರರಿಯಲ್ಲಿ ಸಿಎಸ್ 2 ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅದರಲ್ಲಿ ಬೀಟಾಸ್ ಅಂತ ಇದೆ. ಆ ಪಟ್ಟಿಯಲ್ಲಿ ಸಿಎಸ್‌ಗೋ ಲೆಗಸಿ ಆರಿಸಿದ್ರೆ ಹಳೇದು ಇಳೀತದೆ. ಎದುರಾಳಿ ಹುಡುಕಿ ಕೊಡೋ ಮ್ಯಾಚ್‌ಮೇಕಿಂಗ್ ಇಲ್ಲ. ಸ್ಕಿನ್ ನಂಬಬೇಡಿ, 2024ರ ಜನವರಿ 1ರಿಂದ ಅದಕ್ಕೆ ಬೆಂಬಲ ನಿಲ್ಲಿಸಿದ್ದಾರೆ. ಬಾಟ್ (ಕಂಪ್ಯೂಟರೇ ಆಡಿಸೋ ಆಟಗಾರ) ಜೊತೆ ಆಡಬಹುದು, ಲ್ಯಾನ್ (ಪಿಸಿಗಳನ್ನ ಕೇಬಲ್‌ನಲ್ಲಿ ಜೋಡಿಸಿದ್ದು) ಹಾಕಿ ಆಡಬಹುದು, ಯಾರಾದ್ರೂ ನಡೆಸ್ತಿರೋ ಖಾಸಗಿ ಸರ್ವರ್‌ಗೆ ಹೋಗಬಹುದು. ನನ್ನ ಡಬ್ಬಾದಲ್ಲಿ ಬೆಣ್ಣೆ ಹಾಗೆ ಓಡ್ತದೆ.

ಕಾಳಿ_ದಂಡೆ (ಕಾರವಾರ) · 19 ಜುಲೈ 2025

ಇದು ನಾನು ಆವಾಗ್ಲೇ ಮಾಡಿಟ್ಟದ್ದು! ಕಿಟಕಿ ಹತ್ರದ ಎರಡು ಮಿಷಿನ್‌ನಲ್ಲಿ ಇವತ್ತಿಗೂ ಲೆಗಸಿನೇ ಇರೋದು. ಹುಡುಗ್ರು ಅದಕ್ಕೆ 'ಅಜ್ಜನ ಮಿಷಿನ್' ಅಂತಾರೆ. ತಾಸಿಗೆ ಹತ್ತು ರೂಪಾಯಿ ಕಡಿಮೆ. ಎದುರು ಬದುರು ಕೂತು ಒಂದೊಂದು ಆಡ್ತಾರೆ, ಹೊಸದರಲ್ಲಿ ರ‍್ಯಾಂಕ್ ಬಿದ್ದು ಮೂಡ್ ಹೋದಾಗ ಅಲ್ಲಿಗೆ ಬರ್ತಾರೆ.

ಆದ್ರೆ ಇದನ್ನ ಹಳೇದು ಇಟ್ಟಿದ್ದಾರೆ ಅಂತ ಹೇಳೋದು ಸರಿ ಅಲ್ಲ. ಬೀಟಾಸ್ ಒಳಗೆ ಬಚ್ಚಿಟ್ಟದ್ದು ಎಷ್ಟು ಜನರಿಗೆ ಗೊತ್ತು? ಮತ್ತೆ ಎರಡೂ ಒಟ್ಟಿಗೆ ಇಟ್ಕೊಳ್ಳೋಕೆ ಆಗೋದಿಲ್ಲ, ಈ ಕಡೆ ಬಂದ್ರೆ ಆ ಕಡೇದು ಮತ್ತೆ ಇಳಿಸ್ಬೇಕು. ಲೈನ್ ಕಥೆ ಗೊತ್ತಲ್ಲ.

ಗುಡಿಗಾರ್_ಗಲ್ಲಿ (ಶಿರಸಿ) · 20 ಜುಲೈ 2025

ಕಪಾಟಿನಲ್ಲಿ ಇಡಿ ಅಂದ್ರೆ ಅಟ್ಟದ ಮೇಲೆ ಇಟ್ಟಿದ್ದಾರೆ.

ದೇವಿಮನೆ_ತಿರುವು (ಶಿರಸಿ) · 20 ಜುಲೈ 2025

ಅಟ್ಟ ಆದ್ರೂ ಅಡ್ಡಿಲ್ಲೆ, ಏಣಿ ಸಿಕ್ತು.

ಒಂದು ಪ್ರಸ್ತಾಪ. ಚೌತಿ ಆಗಸ್ಟ್ 27ಕ್ಕೆ. ಎಲ್ಲ ಊರಲ್ಲಿ ಇರ್ತಾರೆ. ಮರುದಿನ ಮಧ್ಯಾಹ್ನ ಊಟ ಆದ್ಮೇಲೆ ಲೆಗಸಿಯಲ್ಲಿ ಲ್ಯಾನ್ ಹಾಕುವ. ಲೈನ್ ಬೇಡ, ಪಿಂಗ್ ಬೇಡ, ಜೆಸಿಬಿ ಚಿಂತೆ ಇಲ್ಲ. ಹಳೇ_ಪೆಟ್ಟಿಗೆಯ ಪೆಟ್ಟಿಗೆಗೂ ಜಾಗ ಇದೆ. ಎಲ್ಲಿ ಅಂತ ಹೇಳಿ.

ಎಡಚಿ (ಕುಮಟಾ) · 20 ಜುಲೈ 2025

ಕುಮಟಾವೇ ನಡು ಆಗ್ತದೆ. ನಮ್ಮನೆ ಮಾಳಿಗೆ ಖಾಲಿ ಇದೆ, ಯುಪಿಎಸ್ ಇದೆ. ಚಕ್ಕುಲಿ ಡಬ್ಬಿ ಖಾಲಿ ಆಗೋ ತನಕ ಅಮ್ಮ ಯಾರನ್ನೂ ಬೈಯೋದಿಲ್ಲ. ಸ್ವಿಚ್ ಮತ್ತೆ ಕೇಬಲ್ ಯಾರು ತರ್ತೀರಿ?

ಕಾಳಿ_ದಂಡೆ (ಕಾರವಾರ) · 20 ಜುಲೈ 2025

ಹದಿನಾರು ಪೋರ್ಟ್‌ದು ನನ್ನ ಹತ್ರ ಇದೆ. ಕೇಬಲ್ ನಾನೇ ಕ್ರಿಂಪ್ ಮಾಡಿ ತರ್ತೇನೆ. ಮನೇಲೇ ಇಳಿಸ್ಕೊಂಡು ಬನ್ನಿ, ಅಲ್ಲಿ ಬಂದು ಡೌನ್‌ಲೋಡ್ ಹಾಕಿದವ್ರನ್ನ ಕೆಳಗೆ ಪಾತ್ರೆ ತೊಳೆಯೋಕೆ ಕಳಿಸುವ.

ಐದಿಂಚಿನ_ಶೂರ (ಅಂಕೋಲಾ) · 21 ಜುಲೈ 2025

ಮೊಬೈಲ್‌ನವ್ರು ಬರ್ಬಹುದಾ? ಆಡೋದಿಲ್ಲ, ಚಕ್ಕುಲಿಗೆ.

ಎಡಚಿ (ಕುಮಟಾ) · 21 ಜುಲೈ 2025

ಬಾ ಮಾರಾಯ. ಒಂದು ಕಡೆ ಆಳು ಕಡಿಮೆ ಬಿದ್ರೆ ನಿನ್ನನ್ನೇ ಬಾಟ್ ಬದಲು ಕೂರಿಸುವ.

ಶರಾವತಿ_ಸಿಗಡಿ (ಹೊನ್ನಾವರ, ಸದ್ಯ ಬೆಂಗಳೂರು) · 21 ಜುಲೈ 2025

ನಾನು ಖಂಡಿತ ಬರ್ತೇನೆ. ಒಂದೇ ವಿನಂತಿ. ರೌಂಡ್ 24 ಇಡುವ. ಮೂರು ಮ್ಯಾಪ್ ಆಡಿದ್ರೆ ಕತ್ತಲಾಗ್ತದೆ, ನಂಗೆ ರಾತ್ರಿ ಬೆಂಗಳೂರು ಬಸ್ಸಿದೆ.

ದೇವಿಮನೆ_ತಿರುವು (ಶಿರಸಿ) · 21 ಜುಲೈ 2025

30. ಬಸ್ಸು ಮರುದಿನಕ್ಕೆ ಮಾಡ್ಸು.